ಹೊಸ ಬ್ಲ್ಯಾಕ್ ಮೆಟಲ್ ಆಲ್ಬಂ ಬಗ್ಗೆ ಬರೆಯುವ ಮುಂಚೆ

ಬ್ಲ್ಯಾಕ್ ಮೆಟಲ್ ಅಂದರೆ ಚೀರುವ ದನಿ, ಒರಟು ಗಿಟಾರ್, ವೇಗದ ಡ್ರಮ್ ಇರುವ ಹೆವಿ ಮೆಟಲ್‌ನ ಒಂದು ಶೈಲಿ. ಅದರ ಹೊಸ ಆಲ್ಬಂ ಅನ್ನು ಮೊದಲ ಸಲ ಕೇಳುವಾಗ ನಾನು ಏನೂ ಬರೆಯುವುದಿಲ್ಲ. ರಾತ್ರಿ ದೀಪ ಆರಿಸಿ, ಹೆಡ್‌ಫೋನ್ ಹಾಕಿಕೊಂಡು ಮೊದಲಿನಿಂದ ಕೊನೆಯವರೆಗೆ ಸುಮ್ನೆ ಕೇಳುತ್ತೇನೆ. ವಾತಾವರಣ ಕಟ್ಟುವುದಕ್ಕೆ ಒತ್ತು ಕೊಡುವ ಅಟ್ಮಾಸ್ಫಿಯರಿಕ್ ಬ್ಲ್ಯಾಕ್ ಮೆಟಲ್‌ನಲ್ಲಿ ಒಂದೇ ಹಾಡು ಹತ್ತು ಹದಿನೈದು ನಿಮಿಷ ಇರಬಹುದು. ಅದು ನಿಧಾನವಾಗಿಯೇ ಒಳಗೆ ಇಳಿಯಬೇಕು, ಅಲ್ವಾ?

ಎರಡನೇ ಸಲ ನೋಟ್‌ಬುಕ್ ತೆಗೆಯಿರಿ. "ಮಂಜು ಕವಿದ ಹಾಗಿದೆ" ಅಂತ ಬರೆದರೆ ಓದುವವರಿಗೆ ಏನೂ ಸಿಗುವುದಿಲ್ಲ. ಆ ಮಂಜು ಎಲ್ಲಿಂದ ಬಂತು ಅಂತ ಹುಡುಕಿ. ಗಿಟಾರಿನ ಟ್ರೆಮೊಲೊದಿಂದಲೋ (ಒಂದೇ ಸ್ವರವನ್ನು ಬಿಡದೆ ವೇಗವಾಗಿ ಮೀಟುವುದು), ಹಿಂದೆ ಹರಡಿದ ಸಿಂತ್‌ನಿಂದಲೋ (ಎಲೆಕ್ಟ್ರಾನಿಕ್ ಕೀಬೋರ್ಡ್), ದನಿಗೆ ಹಾಕಿದ ರಿವರ್ಬ್‌ನಿಂದಲೋ (ದೊಡ್ಡ ಹಾಲ್‌ನಲ್ಲಿ ಹಾಡಿದಂಥ ಅನುರಣನ)? ಬ್ಲಾಸ್ಟ್ ಬೀಟ್, ಅಂದರೆ ಡ್ರಮ್ಮಿನ ಅತಿ ವೇಗದ ಹೊಡೆತ, ಥಟ್ಟನೆ ನಿಂತ ಜಾಗವನ್ನು ನಿಮಿಷ, ಸೆಕೆಂಡ್ ಸಮೇತ ಬರೆದುಕೊಳ್ಳಿ. ಆಲ್ಬಂನ ಜೀವ ಎಷ್ಟೋ ಸಲ ಅಲ್ಲೇ ಇರುತ್ತದೆ.

ಸೌಂಡ್ ಒರಟು ಅಂತ ಅಂಕ ಕಡಿಯಬೇಡಿ. ನಾರ್ವೆಯ ಡಾರ್ಕ್‌ಥ್ರೋನ್ ಬ್ಯಾಂಡ್ 1994ರ 'ಟ್ರಾನ್ಸಿಲ್ವೇನಿಯನ್ ಹಂಗರ್' ಆಲ್ಬಂ ಅನ್ನು ಬರೀ ನಾಲ್ಕು ಪದರ ಸದ್ದು ಹಿಡಿಯುವ ಸರಳವಾದ ನಾಲ್ಕು ಟ್ರ್ಯಾಕಿನ ರೆಕಾರ್ಡರ್‌ನಲ್ಲಿ ಮಾಡಿತು. ಆ ಒರಟುತನ ಬೇಕೆಂದೇ ಆರಿಸಿದ್ದು. ಹೊಸ ಬ್ಯಾಂಡ್ ಅದನ್ನೇ ನಕಲು ಹೊಡೆದಿದ್ದರೆ ಮಾತ್ರ ನೇರವಾಗಿ ಹೇಳಿ.

ಬೇರೆ ಶೈಲಿಗಳ ಸದ್ದು ಬೆರೆಸುವ ಪ್ರಯೋಗದ ಆಲ್ಬಂಗೆ ನನ್ನ ಪ್ರಶ್ನೆ ಒಂದೇ. ಹೊರಗಿನಿಂದ ತಂದ ಸದ್ದನ್ನು ತೆಗೆದರೂ ಹಾಡು ಹಾಗೇ ನಿಲ್ಲುತ್ತದಾ? ನಿಂತರೆ ಅದು ಬರೀ ಅಲಂಕಾರ. ಫಿನ್ಲೆಂಡಿನ ಒರಾನ್ಸಿ ಪಾಝುಝು ಬ್ಯಾಂಡ್ 2020ರ 'ಮೆಸ್ತಾರಿನ್ ಕ್ಯುನ್ಸಿ'ಯಲ್ಲಿ ಭ್ರಮೆ ಹುಟ್ಟಿಸುವಂಥ ಸೈಕೆಡೆಲಿಕ್ ಸದ್ದು, ಎಲೆಕ್ಟ್ರಾನಿಕ್ ಸದ್ದು ಬೆರೆಸಿತು. ಅವನ್ನು ಕಿತ್ತರೆ ಹಾಡೇ ಕುಸಿಯುತ್ತದೆ. ನನಗೆ ಅದು ಜಾಸ್ತಿ ಇಷ್ಟ.

ಈ ಸಂಗೀತದ ಒಂದು ಮೂಲೆಯಲ್ಲಿ ಜನಾಂಗ ದ್ವೇಷ ಹರಡುವವರೂ ಇದ್ದಾರೆ. ಬ್ಯಾಂಡಿನ ಹಿನ್ನೆಲೆ ನೋಡಿ, ಕಂಡದ್ದನ್ನು ಮುಚ್ಚಿಡಬೇಡಿ.

ಮೂರು ದಿನ ಬಿಟ್ಟು ಇನ್ನೊಮ್ಮೆ ಕೇಳಿ. ಆಮೇಲೆ ಬರೆಯಲು ಕೂತುಕೊಳ್ಳಿ.