ಪ್ರೊಜೆಕ್ಟರ್ ಬಿಟ್ಟು ಹೂವಿನ ದಂಡೆ ಹಿಡಿದೆ

ಶಿರಸಿಯಲ್ಲಿ ಜೀನ್ ಎಡಿಟಿಂಗ್, ಅಂದರೆ ಜೀವಕೋಶದೊಳಗಿನ ಡಿಎನ್ಎ ಅಕ್ಷರಗಳನ್ನು ಕತ್ತರಿಸಿ ತಿದ್ದುವ ವಿದ್ಯೆಯ ಬಗ್ಗೆ ನಾನು ಮಾಡಿದ ಮೊದಲ ಭಾಷಣಕ್ಕೆ ಬಂದವರು 11 ಜನ. ಅದರಲ್ಲಿ ಮೂವರು ನಮ್ಮ ಮನೆಯವರೇ, ಒಬ್ಬ ಮೈಕಿನವನು. ಹಾಲ್ ಬಾಡಿಗೆ, ಪ್ರೊಜೆಕ್ಟರ್, ಫ್ಲೆಕ್ಸು, ಚಾ, ಅವಲಕ್ಕಿ ಎಲ್ಲ ಸೇರಿ 6,000 ರೂಪಾಯಿ ಹತ್ತಿರ ಕೈಬಿಟ್ಟಿತ್ತು. ಭಾವ ಅಂದೇ ಹೇಳಿದ್ದ: "ಜೀನು ಗೀನು ಯಾರಿಗೆ ಬೇಕು ಮಾರಾಯಾ, ಕೊಳೆರೋಗದ ಬಗ್ಗೆ ಮಾತಾಡು, ಜನ ಬತ್ತ."

ನಾನು ಬಿಡಲಿಲ್ಲ. ಆದರೆ ಒಂದೂವರೆ ವರ್ಷ ಸುಮ್ನೆ ದುಡ್ಡು ಕಳೆದೆ. ಕಾರವಾರದಲ್ಲಿ ಜುಲೈ ಮಳೆಗೆ ಕರೆಂಟ್ ಹೋಗಿ 42 ಸ್ಲೈಡುಗಳೂ ಕತ್ತಲಾದವು. ಹೊನ್ನಾವರದಲ್ಲಿ ಅದೇ ರಾತ್ರಿ ಪಕ್ಕದೂರಲ್ಲಿ ಯಕ್ಷಗಾನ. ಶಿರಸಿಯಲ್ಲಿ ಅಡಿಕೆ ಟೆಂಡರಿಗೆ ಕಾಯುತ್ತ ಕೂತವರಿಗೆ ಹೇಳೋಣ ಅಂತ ಹೋದೆ. ಹತ್ತು ನಿಮಿಷ ಚೆನ್ನಾಗಿ ಕೇಳಿದರು. ದರ ಹೊರಬಿತ್ತು ನೋಡಿ, ನನ್ನ ವಾಕ್ಯ ಅರ್ಧದಲ್ಲಿರುವಾಗಲೇ ಎಲ್ಲರೂ ಎದ್ದು ಹೋದರು!

ಕಾಲ ನೋಡಿಕೊಳ್ಳುವುದು ಆಮೇಲೆ ಕಲಿತೆ. ಘಟ್ಟದ ಮೇಲೆ ಅಡಿಕೆ ಕೊನೆಕೊಯ್ಲಿನ ಹೊತ್ತಿಗೆ ಹೋಗಬಾರದು. ಕರಾವಳಿಯಲ್ಲಿ ಜೂನ್-ಜುಲೈ ಒಳ್ಳೆಯದು. ಟ್ರಾಲರ್ ನಿಷೇಧದ 61 ದಿನ ಮೀನುಗಾರರು ಮನೆಯಲ್ಲೇ ಸಿಗುತ್ತಾರೆ.

ಅದಕ್ಕಿಂತ ದೊಡ್ಡ ತಪ್ಪು ವಿಷಯದಲ್ಲೇ ಇತ್ತು. ಸಿಕಲ್ ಸೆಲ್ ಅನ್ನುವ, ಹೆತ್ತವರಿಂದ ಬರುವ ರಕ್ತದ ರೋಗಕ್ಕೆ ಬಂದ ಜೀನ್ ಎಡಿಟಿಂಗ್ ಚಿಕಿತ್ಸೆ ಕ್ಯಾಸ್‌ಗೆವಿ, 2023ರ ಕೊನೆಯಲ್ಲಿ ಬ್ರಿಟನ್, ಅಮೆರಿಕ ಎರಡೂ ಕಡೆ ಒಪ್ಪಿಗೆ ಸಿಕ್ಕಿದ್ದು. "ತಪ್ಪು ಅಕ್ಷರ ಕಿತ್ತು ಸರಿ ಅಕ್ಷರ ಕೂರಿಸುತ್ತಾರೆ" ಅಂತ ನಾನು ಆರೇಳು ಊರಲ್ಲಿ ಹೇಳಿಬಿಟ್ಟಿದ್ದೆ. ಕುಮಟಾ ಹತ್ತಿರ ಒಂದು ಕಡೆ, ಲ್ಯಾಬಿನಲ್ಲಿ ಕೆಲಸ ಮಾಡುವ ಹುಡುಗಿ ಎದ್ದು ನಿಂತು, "ಸರ್, ಅದರಲ್ಲಿ ಹಾಗೆ ಮಾಡೋದಿಲ್ಲ ಅಲ್ವಾ?" ಅಂದಳು. ಮುಖ ಎಲ್ಲಿಡಲಿ? ಅವಳು ಹೇಳಿದ್ದೇ ಸರಿ. ತಪ್ಪು ಅಕ್ಷರ ಹಾಗೇ ಇರುತ್ತದೆ. ಬಿಸಿಎಲ್11ಎ ಅನ್ನುವ ಇನ್ನೊಂದು ಜೀನಿನ ಸ್ವಿಚ್ಚನ್ನು ಕತ್ತರಿಸಿ ಕೆಡಿಸುತ್ತಾರೆ. ಆಗ ಹುಟ್ಟಿದ ಮೇಲೆ ನಿಂತುಹೋಗಿದ್ದ ಭ್ರೂಣದ ಹಿಮೋಗ್ಲೋಬಿನ್ ಮತ್ತೆ ಶುರುವಾಗಿ, ಕೆಟ್ಟದ್ದರ ಕೆಲಸ ಅದೇ ನೋಡಿಕೊಳ್ಳುತ್ತದೆ.

ಕತ್ತರಿಸಿದರೆ ಕೆಡುವುದು ಹೇಗೆ ಅಂತ ಜನರಿಗೆ ತೋರಿಸುವುದು ಹೇಗೆ? ನಾನು ತಡವರಿಸುತ್ತಿದ್ದೆ. ಮುಂದೆ ಕೂತಿದ್ದ ಹೂ ಕಟ್ಟುವ ಅಮ್ಮ ಒಬ್ಬರು ಥಟ್ಟನೆ ಹೇಳಿದರು: "ಮಾಸ್ತರ್ರೇ, ದಂಡೆ ನಡುವೆ ಕಡಿದ್ರೆ ಗಂಟು ಹಾಕ್ಬೇಕು. ಗಂಟು ಹಾಕುವಾಗ ಒಂದೆರಡು ಹೂ ಹೋಗೇ ಹೋಗ್ತದೆ."

ಅಷ್ಟೇ. ಜೀವಕೋಶ ಮಾಡುವುದೂ ಅದನ್ನೇ.

ಮರುವಾರವೇ ಪ್ರೊಜೆಕ್ಟರ್ ಬಿಟ್ಟೆ. ಈಗ ನನ್ನ ಸಾಮಾನು ಒಂದು ಕೈಚೀಲ. ಮಲ್ಲಿಗೆ, ಅಬ್ಬಲಿಗೆ, ಗೋರಟೆ, ತುಳಸಿ ಕುಡಿ, ಡಿಎನ್ಎಯಂತೆ ಈ ನಾಲ್ಕೇ ನಾಲ್ಕು ಅಕ್ಷರದ ಉದ್ದನೆಯ ದಂಡೆ ಒಂದು. ಎಲ್ಲಿ ಕಡಿಯಬೇಕು ಅಂತ ತೋರಿಸುವ ಗೈಡ್ ಆಗಿ 20 ಹೂವಿನ ತುಂಡು ಇನ್ನೊಂದು. ಅಡಿಕೆ ಹೆರೆಯುವ ಕತ್ತಿ. ಒಬ್ಬ ಹುಡುಗನನ್ನು ಕರೆದು, ಈ ತುಂಡು ದೊಡ್ಡ ದಂಡೆಯಲ್ಲಿ ಎಲ್ಲಿ ಹೊಂದುತ್ತದೆ ಹುಡುಕು ಅನ್ನುತ್ತೇನೆ. ಹೆಚ್ಚುಕಮ್ಮಿ ಅದೇ ಸಾಲು ಇನ್ನೊಂದು ಕಡೆಯೂ ಕಟ್ಟಿರುತ್ತೇನೆ. ಹತ್ತರಲ್ಲಿ ಎಂಟು ಸಲ ಹುಡುಗ ಅಲ್ಲೇ ಕಡಿಯುತ್ತಾನೆ. ಎಲ್ಲೆಲ್ಲೋ ಕತ್ತರಿ ಬಿದ್ದರೆ ಏನು ಅಪಾಯ ಅಂತ ಆಮೇಲೆ ನಾನು ಬಾಯಿ ಬಿಟ್ಟು ಹೇಳಬೇಕಾಗಿಲ್ಲ. ಅವನು ತಪ್ಪು ಜಾಗವನ್ನೇ ಮೊದಲು ನೋಡುವ ಹಾಗೆ ಹೇಗೆ ಕಟ್ಟುತ್ತೇನೆ ಅನ್ನುವುದು ನನ್ನ ಗುಟ್ಟು, ಇಲ್ಲಿ ಬರೆಯುವುದಿಲ್ಲ. ಒಂದು ಮಾತು ಮಾತ್ರ ಹೇಳುತ್ತೇನೆ. ಬಾಳೆನಾರಿನಲ್ಲಿ ಕಟ್ಟಿದ್ದೇ ಆಗಬೇಕು. ಸೂಜಿದಾರದಲ್ಲಿ ಪೋಣಿಸಿದ್ದನ್ನು ಒಮ್ಮೆ ತಂದು, ಕಡಿದ ಕೂಡಲೇ ಹೂವೆಲ್ಲ ನೆಲಕ್ಕೆ ಉದುರಿ ಮರ್ಯಾದೆ ಹೋಯಿತು.

ಖರ್ಚು 150 ರೂಪಾಯಿ ಆಗಬಹುದು. ಜನ 60-70ಕ್ಕೆ ಕಮ್ಮಿ ಇಲ್ಲ.

ನಡುವೆ ಬಾಳೆಹಣ್ಣಿನ ಡಿಎನ್ಎ ತೆಗೆದು ತೋರಿಸುವ ಹುಚ್ಚೂ ಹತ್ತಿತ್ತು. ಉಪ್ಪು, ಪಾತ್ರೆ ತೊಳೆಯುವ ಸೋಪು, ತಣ್ಣಗಿನ ಸ್ಪಿರಿಟ್, ಎಲ್ಲರೂ ಮಾಡುವುದೇ. ಕಾರವಾರದಲ್ಲಿ ಸ್ಪಿರಿಟ್ ಮರೆತು ಹೋಗಿದ್ದೆ. ಯಾರೋ ಪುಣ್ಯಾತ್ಮರು ಗೋವಾ ಫೆನಿ ತಂದುಕೊಟ್ಟರು. ಎಳೆ ಬರಲಿಲ್ಲ, ಫೆನಿಗೆ ಅಷ್ಟು ಸ್ಟ್ರಾಂಗು ಸಾಲದು. ಉಳಿದ ಬಾಟಲಿ ಎಲ್ಲಿ ಹೋಯಿತು ಅಂತ ನಾನು ಕೇಳಲಿಲ್ಲ.

ಮೊದಲೆಲ್ಲ ಈ ಜೀನ್ ಕತ್ತರಿ ರೂಪಿಸಿದ ವಿಜ್ಞಾನಿಗಳು ಡೌಡ್ನಾ, ಶಾರ್ಪಾಂಟಿಯೆ, ಅವರ 2020ರ ನೊಬೆಲ್ ಅಂತ ಶುರು ಮಾಡುತ್ತಿದ್ದೆ. ಈಗ ಘಟ್ಟದ ಮೇಲಾದರೆ ಉಣ್ಣಿಯಿಂದ ಹರಡುವ ಮಂಗನ ಕಾಯಿಲೆಯಿಂದಲೇ ಶುರು. ಸಿದ್ದಾಪುರದ ಕಡೆ ಉಣ್ಣಿ ಅಂದರೆ ಸಾಕು, ಹಿಂದೆ ನಿಂತವರೂ ಮುಂದೆ ಬರುತ್ತಾರೆ. ಅಲ್ಲೇ ಒಬ್ಬ ಹಿರಿಯರು ಕ್ಯಾಸ್‌ಗೆವಿಗೆ ಎಷ್ಟು ರೇಟು ಅಂತ ಕೇಳಿದರು. ಅಮೆರಿಕದಲ್ಲಿ 22 ಲಕ್ಷ ಡಾಲರ್, ನಮ್ಮ ಲೆಕ್ಕದಲ್ಲಿ 18 ಕೋಟಿ ಮೇಲೆ ಅಂದೆ. ಈ ರೋಗ ಹೊತ್ತು ಹುಟ್ಟುವ ಮಕ್ಕಳಲ್ಲಿ ಮುಕ್ಕಾಲು ಪಾಲು ಆಫ್ರಿಕಾದವು ಅಂತಲೂ ಹೇಳಿದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರೆ ನಮ್ಮ ಮಂಗನ ಕಾಯಿಲೆಗೆ ಒಂದು ಲಸಿಕೆ ಯಾಕಿಲ್ಲ?" ಅಂದರು. ರೋಗ ಗೊತ್ತಾಗಿದ್ದು 1957ರಲ್ಲಿ, ಇಲ್ಲೇ ಸೊರಬದ ಕ್ಯಾಸನೂರು ಕಾಡಲ್ಲಿ. ಇದ್ದ ಹಳೆ ಲಸಿಕೆಯೂ ಸಾಲದೆ 2022ರಲ್ಲಿ ನಿಂತಿತು. ಪಶ್ಚಿಮ ಘಟ್ಟದವರನ್ನು ಮಾತ್ರ ಕಾಡುವ ರೋಗ, ಕೊಳ್ಳುವವರು ಕಮ್ಮಿ, ದೊಡ್ಡ ಕಂಪನಿಗೆ ಲಾಭ ಇಲ್ಲ ಅಂತ ಇದ್ದದ್ದನ್ನೇ ಹೇಳಿದೆ. ಆಮೇಲೆ ಒಂದು ತಾಸು ಅವರೇ ಮಾತಾಡಿದರು, ನಾನು ಕೂತು ಕೇಳಿದೆ. ಕಷಾಯ ಎರಡು ಸಲ ಬಂತು.

ಬರುವ ಜೂನಿನಲ್ಲಿ ಅಂಕೋಲಾ ಕಡೆ ಎರಡು ಊರಿಗೆ ಕರೆದಿದ್ದಾರೆ. ಆ ಹೊತ್ತಿಗೆ ಗೋರಟೆ ಸಿಗುವುದಿಲ್ಲ. ಆ ಅಕ್ಷರಕ್ಕೆ ಏನು ಕಟ್ಟುವುದು ಅಂತ ಆ ಹೂವಿನ ಅಮ್ಮನನ್ನೇ ಕೇಳಬೇಕು.