ಮೊದಲು ಸದ್ದು, ಆಮೇಲೆ ಕ್ಯಾಮೆರಾ

ಕ್ಯಾಮೆರಾ ಇಲ್ಲದೆ ಡಾಕ್ಯುಮೆಂಟರಿ ಶುರು ಮಾಡ್ತೀನಿ ಅಂದಾಗ ಗೆಳೆಯರೆಲ್ಲ ನಕ್ಕಿದ್ದರು. ಮಂಡ್ಯದ ಆಲೆಮನೆ ಮೇಲೆ ಮಾಡಿದ ಚಿತ್ರ ನೋಡಿದ ಮೇಲೆ ಅವರೇ ರೆಕಾರ್ಡರ್ ಬಾಡಿಗೆ ಎಷ್ಟು ಅಂತ ಕೇಳುತ್ತಿದ್ದಾರೆ.

ಹಿಂದಿನ ಚಿತ್ರಕ್ಕೆ ಕ್ಯಾಮೆರಾ, ಲೈಟು, ಹುಡುಗರು ಅಂತ ದಿನಕ್ಕೆ ಎಂಟು ಸಾವಿರದ ಹತ್ತಿರ ಸುರಿದಿದ್ದೆ. ಒಟ್ಟು ಮೂರು ಲಕ್ಷ ಮುಟ್ಟಿತು. ಎಡಿಟ್‌ಗೆ ಕೂತರೆ ಒಂದಕ್ಕೊಂದು ಹೊಂದಲಿಲ್ಲ. ಕೊನೆಗೆ ಗಡಸು ದನಿಯಲ್ಲಿ ನಿರೂಪಣೆ ಓದಿಸಿ ತೇಪೆ ಹಾಕಬೇಕಾಯಿತು. ಹಿಂದೆ ಟಾಕೀಸಿನಲ್ಲಿ ಸಿನಿಮಾಕ್ಕೆ ಮುಂಚೆ ಬರುತ್ತಿದ್ದ ಕೇಂದ್ರ ಸರ್ಕಾರದ ಫಿಲ್ಮ್ಸ್ ಡಿವಿಷನ್ ರೀಲಿನ ಹಾಗೇ. 1948ರಲ್ಲಿ ಶುರುವಾದ ಸಂಸ್ಥೆ ಅದು. ಆಗಿನವರಿಗೆ ನೆಪವಾದರೂ ಇತ್ತು. ಹೊತ್ತು ತಿರುಗಬಹುದಾದ ನಗ್ರಾ ಟೇಪ್ ರೆಕಾರ್ಡರ್, ಹೆಗಲ ಮೇಲೆ ಹೊರುವ 16 ಎಂಎಂ ಕ್ಯಾಮೆರಾ ಜೊತೆಗೂಡಿ, ಚಿತ್ರದ ಜೊತೆಗೇ ಸದ್ದು ಹಿಡಿಯುವುದು ಸಲೀಸಾದದ್ದೇ 1960ರ ಸುಮಾರಿಗೆ. ನಮಗೇನು ನೆಪ?

ಈ ಸಲ ಒಂದು ಕೈ ರೆಕಾರ್ಡರ್, ಒಂದು ಕಾಲರ್ ಮೈಕ್ ಹಿಡಿದು ವಾರಗಟ್ಟಲೆ ಆಲೆಮನೆಯಲ್ಲಿ ಕೂತೆ. ಕ್ಯಾಮೆರಾ ಇಲ್ಲ ಅಂದರೆ ಯಾರೂ ಅಂಗಿ ಬದಲಿಸಿ ಬರುವುದಿಲ್ಲ. ಬೆಲ್ಲ ಕಾಯಿಸುವ ಯಜಮಾನರು ಕೊಪ್ಪರಿಗೆ ಕಡೆ ತಿರುಗದೆಯೇ "ಉರಿ ಹಾಕ್ಲಾ" ಅಂತ ಕೂಗುತ್ತಿದ್ದರು. ಹೇಗೆ ಗೊತ್ತಾಗುತ್ತೆ ಅಂದೆ. "ಸದ್ದು ಕೇಳಾಕಿಲ್ವಾ ಸಾ? ಹಾಲು ಕುದಿಯೋ ಸದ್ದೇ ಬೇರೆ, ಪಾಕದ ಸದ್ದೇ ಬೇರೆ." ನಿಜ. ಕಬ್ಬಿನ ಹಾಲು ಸೊರ್ರನೆ ಕುದಿಯುತ್ತದೆ. ಗಟ್ಟಿಯಾಗುತ್ತಾ ಗುಳುಕ್, ಗುಳುಕ್ ಅನ್ನುತ್ತದೆ. ನನ್ನ ಇಡೀ ಚಿತ್ರ ನಿಂತಿರುವುದು ಆ ಗುಳುಕ್ ಮೇಲೆ.

ಮೊದಲು ಸದ್ದನ್ನಷ್ಟೇ ಕತ್ತರಿಸಿ ಇಪ್ಪತ್ತೈದು ನಿಮಿಷಕ್ಕೆ ಇಳಿಸಿದೆ. ಎಲ್ಲೆಲ್ಲಿ ಯಾವ ಶಾಟ್ ಬೇಕು ಅಂತ ಬರೆದುಕೊಂಡೆ. ಆಮೇಲೆ ನಾಲ್ಕೈದು ದಿನಕ್ಕೆ ಮಾತ್ರ ಕ್ಯಾಮೆರಾ ಬಾಡಿಗೆ. ಒಟ್ಟು ಅರವತ್ತು ಸಾವಿರ ದಾಟಲಿಲ್ಲ. ನಿರೂಪಣೆ ಒಂದು ಸಾಲೂ ಇಲ್ಲ.

ಗಾಣದ ಎಂಜಿನ್ ಗದ್ದಲದಲ್ಲಿ ಮಾತು ಹೇಗೆ ಹಿಡಿದೆ? ಅರ್ಧ ಹೇಳುತ್ತೇನೆ: ಗಾಣ ನಿಂತ ಮೇಲೂ ಕೊಪ್ಪರಿಗೆ ಕುದಿಯುತ್ತಲೇ ಇರುತ್ತದೆ. ಉಳಿದರ್ಧ ನನ್ನ ಹತ್ತಿರವೇ ಇರಲಿ.

ಸುಮ್ನೆ ನೋಡೋಣ ಅಂತ ಬೆಂಗಳೂರಿನ ಎಸ್‌ಪಿ ರೋಡಲ್ಲಿ ಇಪ್ಪತ್ತು ಮೂವತ್ತು ರೂಪಾಯಿಗೆ ಸಿಗುವ, ಅದುರುವುದನ್ನೇ ಸದ್ದಾಗಿ ಹಿಡಿಯುವ ಪೀಜೋ ಬಿಲ್ಲೆಗೆ ವೈರ್ ಹಾಕಿ ಕೊಪ್ಪರಿಗೆ ಅಂಚಿಗೆ ಅಂಟಿಸಿದೆ. ಬಿಸಿಗೆ ಟೇಪು ಬಿಟ್ಟು ಬಿದ್ದೇ ಹೋಯಿತು. ಅದನ್ನೇ ಗಾಣದ ಕಾಲಿಗೆ ಕಟ್ಟಿದರೆ, ಕಬ್ಬು ಮುರಿಯುವುದು ಎಲುಬು ಮುರಿದ ಹಾಗೆ ಕೇಳಿಸಿತು. ಟೈಟಲ್ ಕೆಳಗೆ ಅದನ್ನೇ ಬಳಸಿದೆ.

ಸದ್ದು ಒಂದು ದಿನದ್ದು, ಚಿತ್ರ ಇನ್ನೊಂದು ದಿನದ್ದು, ಇದು ಮೋಸ ಅಲ್ವಾ ಅಂದವರಿದ್ದಾರೆ. 1922ರ 'ನಾನೂಕ್' ಡಾಕ್ಯುಮೆಂಟರಿಯಲ್ಲಿ ಇಗ್ಲೂ (ಹಿಮದ ಮನೆ) ಒಳಗೆ ಬೆಳಕು ಸಾಲದೆ, ನಿರ್ದೇಶಕ ಫ್ಲಾಹರ್ಟಿ ಅರ್ಧ ಗೋಡೆಯೇ ಇಲ್ಲದ ಇಗ್ಲೂ ಕಟ್ಟಿಸಿದ್ದ. ನಾನು ಯಾರ ಗೋಡೆಯನ್ನೂ ತೆಗೆಸಿಲ್ಲ.

ಮಾತಾಡುವ ಮುಖಗಳೇ ಜಾಸ್ತಿ ಇರುವ ವಿಷಯಕ್ಕೆ ಮಾತ್ರ ಈ ಕ್ರಮ ಬೇಡ, ತುಟಿಗೆ ಮಾತು ಕೂಡಿಸುವುದರಲ್ಲೇ ಜೀವ ಹೋಗುತ್ತದೆ.