ಗಣಪನೂ ಪೀರಗಳೂ ಒಂದೇ ದಿನ ಹೊರಟಾಗ

ಯಾದಗಿರಿ ಜಿಲ್ಲೆಯ ಸುರಪುರ ಕಡೆಯ ಒಂದು ಹಳ್ಳಿಯಲ್ಲಿ ಇಪ್ಪತ್ತು ವರ್ಷ ಮಾಸ್ತರಿಕೆ ಮಾಡಿದವನು ನಾನು. ಊರಿನ ಹೆಸರು ಬೇಡ.

2018ರಲ್ಲಿ ಗಣೇಶ ಚೌತಿ ಸೆಪ್ಟೆಂಬರ್ 13ಕ್ಕೆ ಬಂತು. ನಮ್ಮಲ್ಲಿ ಗಣಪನನ್ನು ಕಳಿಸುವುದು ಒಂಬತ್ತನೇ ದಿನ, ಅಂದರೆ 21ಕ್ಕೆ. ಮೊಹರಂ ಪೀರಗಳು, ಅಂದರೆ ಕೋಲಿನ ಮೇಲೆ ಕೂರಿಸಿದ ಲೋಹದ ಹಸ್ತಗಳು, ಹಳ್ಳಕ್ಕೆ ಹೋಗುವುದೂ ಆವತ್ತೇ. ದಾರಿ ಒಂದೇ, ಅದೂ ಒಂದು ಟ್ರ್ಯಾಕ್ಟರ್ ಹಿಡಿಸುವಷ್ಟು. ಗಣಪನ ಹುಡುಗರು ಡಿಜೆಗೆ ಮುಂಗಡ ಕೊಟ್ಟಿದ್ದರು. ಮಸೀದಿ ಓಣಿಯವರು ವಾಟ್ಸಾಪಿನಲ್ಲಿ ಏನೋ ಹಾಕಿದರು, ಇವರು ಇನ್ನೇನೋ ಹಾಕಿದರು. ಮೂರನೇ ದಿನ ಬಾವಿಕಟ್ಟೆ ಹತ್ತಿರ ಹೊಡೆದಾಟವೇ ಆಯಿತು.

ನಾನು ಮೊದಲು ಮಾಡಿದ್ದು ಎಲ್ಲರೂ ಮಾಡೋದೇ. ಶಾಲೆ ಅಂಗಳದಲ್ಲಿ ಸಭೆ ಸೇರಿಸಿದೆ. ಸ್ವಾಮಿಗಳು ಬಂದರು, ಮೌಲ್ವಿ ಸಾಹೇಬರು ಬಂದರು. ಎರಡೂ ಕಡೆಯವರು ನಡೆದುಕೊಳ್ಳುವ ತಿಂಥಣಿ ಮೌನೇಶ್ವರನ ಮಾತು ಬಂತು, ಕಲಬುರಗಿಯ ಸೂಫಿ ಸಂತ ಬಂದೇನವಾಜರ ಮಾತು ಬಂತು. ಬೀದರಿನ ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಅಹ್ಮದ್ ಶಾಹ್ ವಲಿಯ ಉರುಸಿಗೆ ಮಾಡಿಯಾಳದ ಜಂಗಮರು ಬರುವುದನ್ನು ನಾನೇ ಹೇಳಿದೆ. ಎಲ್ಲ ನಿಜವೇ. ಹಿರಿಯರು ತಲೆದೂಗಿದರು. ಹುಡುಗರು ಮಾತ್ರ ಹೊರಗೆ ಬೈಕ್ ಮೇಲೆ ಕೂತು ಮೊಬೈಲ್ ನೋಡುತ್ತಿದ್ದರು. ಅವರಿಗೆ ಬೇಕಿದ್ದದ್ದು 21ರ ಸಂಜೆ ಯಾರು ಮೊದಲು ಅನ್ನೋದು. ನಾವು ಹೇಳುತ್ತಿದ್ದದ್ದು ಆರುನೂರು ವರ್ಷದ ಹಿಂದಿನ ಕಥೆ.

ಮರುದಿನ ಬೆಳಿಗ್ಗೆ ಒಬ್ಬನೇ ಮನೆಮನೆಗೆ ಹೊರಟೆ. ಪಿಂಜಾರರ ಅಜ್ಜ ಚಹಾ ಕೊಟ್ಟು ನಕ್ಕ. "ಇದೇನ್ ಹೊಸಾದಲ್ರಿ ಮಾಸ್ತರ. ಹಿಂದನೂ ಕೂಡಿ ಬಂದಿದ್ದವು." ಆತ ಹೇಳಿದ್ದು 1986ರ ಸುಮಾರಿನ ಮಾತು. ಲೆಕ್ಕ ಸರಳ. ಮೊಹರಂ ವರ್ಷಕ್ಕೆ ಹತ್ತು-ಹನ್ನೊಂದು ದಿನ ಹಿಂದೆ ಸರಿಯುತ್ತದೆ, ಚೌತಿಯನ್ನು ಅಧಿಕ ಮಾಸ ಹಿಡಿದು ನಿಲ್ಲಿಸುತ್ತದೆ. ಹಾಗಾಗಿ ಸುಮಾರು 32-33 ವರ್ಷಕ್ಕೊಮ್ಮೆ ಭಾದ್ರಪದವೂ ಮೊಹರಂ ತಿಂಗಳೂ ಒಂದೇ ಅಮಾವಾಸ್ಯೆಯ ಬೆನ್ನಿಗೆ ಶುರುವಾಗುತ್ತವೆ. ಅಜ್ಜ ಹೇಳಿದ ಆ ವರ್ಷ ಊರಿಗೆ ಒಂದೇ ಗಣಪ, ಅದೂ ಶಾಲೆಯದು. ಮಧ್ಯಾಹ್ನ ಪೀರಗಳು ಹೋದವು, ದೀಪ ಹಚ್ಚಿದ ಮೇಲೆ ಗಣಪ ಹೋದ. ಅಷ್ಟೇ.

ನನಗೆ ಬೇಕಿದ್ದದ್ದು ಸಿಕ್ಕಿತು. ಹೊಸ ಒಪ್ಪಂದ ಅಂದರೆ ಯಾರೋ ಸೋತ ಹಾಗೆ. ಹಳೇ ರೂಢಿ ಅಂದರೆ ಯಾರೂ ಸೋಲಲ್ಲ, ಅಲ್ವಾ?

ಆಮೇಲೆ ಮೊಹರಮಿನಲ್ಲಿ ಯಾರ ಮನೆಯದು ಯಾವ ಸೇವೆ ಅಂತ ಕೇಳುತ್ತಾ ಹೋದೆ. ಮೊಹರಮಿನ ಬೆಂಕಿ ಉರಿಸುವ ಅಲಾಯಿ ಕುಣಿಗೆ ಮೊದಲ ಗುದ್ದಲಿ ಗೌಡರದು. ಕಟ್ಟಿಗೆ ಬಡಿಗೇರರದು. ದೊಡ್ಡ ಪೀರ ಹಿಡಿಯುವುದು ಕುರುಬರ ಮನೆಯವರು. ಸಕ್ಕರೆ ಮುಂದಿಟ್ಟು ಪ್ರಾರ್ಥನೆ ಓದುವುದು ಮುಲ್ಲಾನದು. ಡಿಜೆ ಹುಡುಗರಿಗೆ ಇದು ಗೊತ್ತೇ ಇರಲಿಲ್ಲ. ಅವರ ಮುಂದಾಳಿನ ಅಜ್ಜಿ ನನ್ನೆದುರೇ ಅವನ ಕಿವಿ ಹಿಂಡಿದಳು. "ನಿನಗ ಜ್ವರ ಬಂದಾಗ ಪೀರಗ ಹರಕಿ ಹೊತ್ತು ಐದು ವರ್ಷ ಮೊಹರಮಿನಾಗ ಫಕೀರನ್ನ ಮಾಡೀನಿ. ಕೊರಳಾಗ ಲಾಡಿ ಹಾಕ್ಕೊಂಡು ಮನಿಮನಿ ಬೇಡ್ಕೊಂಡು ಬಂದಿ, ಮರತಿ ಏನ?" ಅವನ ಗೆಳೆಯರು ಬಿದ್ದುಬಿದ್ದು ನಕ್ಕರು. ನನ್ನ ಸಭೆಯಿಂದ ಆಗದ್ದು ಆ ನಗುವಿನಿಂದ ಆಯಿತು. ಡಿಜೆ ಮಸೀದಿ ದಾಟಿದ ಮೇಲೇ ಶುರು ಅಂತ ಅವನೇ ಹೇಳಿದ.

ಇಲ್ಲಿಗೆ ನಿಲ್ಲಿಸಿದರೆ ಕಥೆ ಚೆಂದ. ಆದರೆ ಸೇವೆಗಳ ಪಟ್ಟಿಯಲ್ಲಿ ಇನ್ನೊಂದಿತ್ತು. ಹಲಗೆ ಬಾರಿಸುವುದು ದಲಿತ ಕೇರಿಯವರದು. ನಾನು ಹೋದಾಗ ಒಬ್ಬ ಹುಡುಗ, ನನ್ನ ಹಳೇ ವಿದ್ಯಾರ್ಥಿಯೇ, ಕೇಳಿದ: "ನಮಗ ಹಲಗಿ ಅಷ್ಟೇ ಯಾಕ್ರಿ ಸರ? ಪೀರ ಯಾಕ ಕೊಡಂಗಿಲ್ಲ?" ಉತ್ತರ ಇರಲಿಲ್ಲ. ನಾನು ಊರು ಕೂಡಿಸೋಕೆ ಹಿಡಿದಿದ್ದ ರೂಢಿಯೇ ಅವನನ್ನು ಹೊರಗಿಟ್ಟಿತ್ತು. ಚಾವಡಿಯಲ್ಲಿ ಮಾತೆತ್ತಿದೆ. ಹಿಂದಿನ ದಿನ ಮುಖ ನೋಡದಿದ್ದ ಎರಡೂ ಕಡೆಯ ಹಿರಿಯರು ಒಂದೇ ದನಿಯಲ್ಲಿ ಬೇಡ ಅಂದರು! ಅಂಥ ಒಗ್ಗಟ್ಟು ನಾನು ಆ ಊರಲ್ಲಿ ಮೊದಲು ಕಂಡಿರಲಿಲ್ಲ.

ಆ ವರ್ಷ ಹಲಗೆ ಬಾರಿಸಲಿಲ್ಲ. ಸುರಪುರದಿಂದ ಬ್ಯಾಂಡಿನವರನ್ನು ಕರೆಸಿದರು. ಮಧ್ಯಾಹ್ನ ಪೀರಗಳು ಹೋದವು, ರಾತ್ರಿ ಗಣಪ ಹೋದ. ಗಲಾಟೆ ಆಗಲಿಲ್ಲ. ನಡುವೆ ಅಧಿಕ ಮಾಸ ಬರಲಿಲ್ಲ, ಹಾಗಾಗಿ 2019ರಲ್ಲೂ ಎರಡೂ ಒಂದೇ ದಿನ ಬಿದ್ದವು, ಸೆಪ್ಟೆಂಬರ್ 10ಕ್ಕೆ. ಈ ಸಲ ನಾನು ಮೊದಲು ದಲಿತ ಕೇರಿಗೆ ಹೋದೆ, ಆಮೇಲೆ ಮುಲ್ಲಾನ ಮನೆಗೆ, ಗೌಡರ ಮನೆಗೆ ಕೊನೆಗೆ. ತಿಂಗಳು ಪೂರ್ತಿ ಓಡಾಡಿದೆ. ಸಣ್ಣ ಪೀರವೊಂದನ್ನು ಆ ಹುಡುಗ ಹಿಡಿದ. ಚಾವಡಿಯಿಂದ ಅಲಾಯಿ ಕುಣಿವರೆಗೆ ಮಾತ್ರ. ಹಳ್ಳದವರೆಗೆ ಬಿಡಲಿಲ್ಲ.